ಹಗಲು ಹೇಳಿದ ಕಥೆ

ಮಾರಂಡಹಳ್ಳಿ
೧೮-೧೧-೧೯೩೫, ಸೋಮವಾರ

ಪ್ರೀತಿಯ ತಮ್ಮ ಕರಿಯಪ್ಪನಿಗೆ ಅಕ್ಕನ ಆಶೀರ್ವಾದ.

ಹೇಗಿದ್ದೀಯೋ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ? ನೀನು ಸೇಲಂನಲ್ಲಿ ಬೆಳ್ಳಿ ಕಾಲ್ಗೆಜ್ಜೆ ಮಾಡುವವರ ಹತ್ತಿರ ಕೆಲಸಕ್ಕಿದ್ದೀಯೆಂದೂ, ಕುಲುಮೆಯ ಹೊಗೆಗೆ ಕೆಮ್ಮುತ್ತೀಯೆಂದೂ ಅಲ್ಲಿಗೆ ಹೋಗಿ ಬರುವ ಪಕ್ಕದ ಮನೆ ಮುತ್ತುಸ್ವಾಮಿ ಹೋದ ವಾರ ಬಂದು ಹೇಳಿದ. ಅಲ್ಲಿಯವರೆಗೆ ನೀನೆಲ್ಲಿದ್ದೀಯೆಂದು ನನಗೂ ತಿಳಿದಿರಲಿಲ್ಲ. ಬಿಸಿನೀರಿಗೆ ಮೆಣಸು ಹಾಕಿಕೊಂಡು ಕುಡಿ. ನೀರು ಕಾಯಿಸುವುದಕ್ಕೂ ಅಕ್ಕನೇ ಬರಬೇಕು ಅನ್ನಬೇಡ, ಸೋಮಾರಿ. ಅಪ್ಪ ಜಗಲಿಯ ಮರಳಿನ ಮೇಲೆ ತಿದ್ದಿಸಿದ ಅಕ್ಷರ ನಿನಗೆ ಪೂರ್ತಿ ಹತ್ತಿತು, ನನಗೆ ಅರ್ಧ ಹತ್ತಿತು. ಇವತ್ತಿಗೂ ಒಂದೊಂದು ಮಾತನ್ನೂ ಗಟ್ಟಿಯಾಗಿ ಹೇಳಿಕೊಂಡೇ ಬರೆಯಬೇಕು. ನೀನು ನನ್ನನ್ನು ಅಣಕಿಸುತ್ತಿದ್ದದ್ದು ಮರೆತಿಲ್ಲ. ಈಗಲೂ ನಕ್ಕುಬಿಡು.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ ಎಂದು ಬರೆಯಬೇಕು. ರಾಗಿ ಕೊಯ್ಲಿಗೆ ಬಂದಿದೆ. ಎಮ್ಮೆ ಈದಿದೆ. ಅತ್ತೆಗೆ ಮಂಡಿನೋವು, ಬಾಯಿಗೆ ಮಾತ್ರ ಯಾವ ನೋವೂ ಇಲ್ಲ. ಆದರೆ ಪಾಪಾತಿ ಚೆನ್ನಾಗಿಲ್ಲ ಕಣೋ. ಜ್ವರವಲ್ಲ, ಹೆದರಬೇಡ. ನನ್ನ ಮಗಳು ಕಥೆ ಕೇಳುವುದನ್ನು ಬಿಟ್ಟುಬಿಟ್ಟಿದ್ದಾಳೆ.

ಅತ್ತೆಯ ಕಥೆಗಳಲ್ಲಿ ಮಾತು ಕೇಳದ ಮಗುವನ್ನು ಹುಲಿ ತಿನ್ನುತ್ತದೆ, ಇಲ್ಲವೇ ಬಾವಿ ನುಂಗುತ್ತದೆ. ನಿನ್ನ ಕಥೆಗಳಲ್ಲಿ ಮಾತು ಕೇಳದ ಮಗು ಆಸೆಪಟ್ಟದ್ದನ್ನೆಲ್ಲ ನೋಡಿ, ತಿಂದು, ಕತ್ತಲಾಗುವುದರೊಳಗೆ ಮನೆ ಸೇರುತ್ತದೆ. ಅದಕ್ಕೇ ಅವಳು ದಿನಾ ಸಂಜೆ ನಿನ್ನ ಪಂಚೆಯ ಚುಂಗು ಹಿಡಿದು ಕೂರುತ್ತಿದ್ದದ್ದು. ಆಷಾಢದ ಆಡಿ ತಿಂಗಳಲ್ಲಿ ಹೊರಟಾಗ ನೀನು ಹಗೇವಿನ ಕಥೆಯನ್ನು ಅರ್ಧಕ್ಕೇ ಬಿಟ್ಟೆ. ನೆಲದೊಳಗಿನ ರಾಗಿ ಗುಂಡಿಗೆ ಇಣುಕಬೇಡ ಎಂದು ಅವ್ವ ಹೇಳಿದ್ದರೂ ಹುಡುಗಿ ಮುಚ್ಚಿದ ಕಲ್ಲು ಸರಿಸುತ್ತಾಳೆ, ಒಳಗೆ ದೀಪ ಹಚ್ಚಿದ ಒಂದು ಬೀದಿ ಕಾಣುತ್ತದೆ, ಒಂದು ಕಾಲು ಕೆಳಗಿಡುತ್ತಾಳೆ. ಅಲ್ಲಿಗೆ ನಿಲ್ಲಿಸಿ, "ಮಿಕ್ಕಿದ್ದು ದೀಪಾವಳಿಗೆ ಬಂದು ಏಳ್ತೀನಿ ಕಣವ್ವಾ" ಅಂದೆ. ಆ ಹುಡುಗಿಯನ್ನು ತಿಂಗಳುಗಟ್ಟಲೆ ಒಂಟಿಕಾಲಲ್ಲಿ ನಿಲ್ಲಿಸಿದರೆ ಯಾವ ಮಗು ತಾನೇ ತಡೆದುಕೊಳ್ಳುತ್ತದೆ, ನೀನೇ ಹೇಳು.

ದೀಪಾವಳಿಗೆ ಮುಂಚೆ ಒಂದು ಮಧ್ಯಾಹ್ನ, ಹೊಲದಲ್ಲಿ ಹಕ್ಕಿ ಕಾಯುತ್ತಿದ್ದ ಪಾಪಾತಿ ಜೊತೆಯ ಮಕ್ಕಳಿಗೆ ಆ ಕಥೆ ಹೇಳಿ ಕೊನೆಯನ್ನೂ ತಾನೇ ಕಟ್ಟಿದಳಂತೆ. ಆ ಬೀದಿಯಲ್ಲಿ ಮಾವ ಹುರಿಗಡಲೆ ತಿನ್ನುತ್ತ ಕೂತಿದ್ದನಂತೆ, ಹುಡುಗಿಯ ಕೈ ಹಿಡಿದು ಮೇಲಕ್ಕೆ ಕರೆತಂದನಂತೆ. ಹಗಲಲ್ಲಿ ಕಥೆ ಹೇಳಬಾರದೆಂಬ ಅತ್ತೆಯ ಕಟ್ಟಪ್ಪಣೆ ಅವಳಿಗೆ ಗೊತ್ತಿಲ್ಲದ್ದಲ್ಲ. ಆಸೆ ತಡೆಯಲಿಲ್ಲ. ಬುತ್ತಿ ತಂದ ಅತ್ತೆ ಕೇಳಿಸಿಕೊಂಡು, "ಅಗಲೊತ್ತು ಕತೆ ಏಳ್ತೀಯೇನೇ? ನಿನ್ ಸೋದರಮಾವ ದಾರಿ ತಪ್ಪಿ ಓಗ್ತಾನೆ, ನೋಡ್ತಿರು!" ಎಂದು ಗದರಿದರು. ಬೈಯುವಾಗ ಬಾಯಿಗೆ ಬಂದ ಮಾತು, ಆಡಿದವರು ಅಲ್ಲೇ ಮರೆತರು. ದೀಪಾವಳಿ ಬಂತು. ನೀನು ಬರಲಿಲ್ಲ.

ಹಬ್ಬದ ಮಾರನೆಯ ದಿನ, ಗೋಡೆಗೆ ಬಳಿದು ಮಿಕ್ಕಿದ್ದ ಸುಣ್ಣದ ಗಡಿಗೆ ಕಾಣೆಯಾಯಿತು. ಹುಡುಕಿಕೊಂಡು ಹೋದರೆ, ಚಿಕ್ಕ ರೈಲಿನ ಸ್ಟೇಷನ್ನಿನಿಂದ ನಮ್ಮ ಬಾಗಿಲವರೆಗೂ ದಾರಿಬದಿಯ ಕಲ್ಲುಕಲ್ಲಿಗೂ ಬಿಳಿ ಬೊಟ್ಟು. ನೀನು ದಾರಿ ತಪ್ಪಬಾರದಲ್ಲ, ಅದಕ್ಕೆ. ಮಳೆಗೆ ತೊಳೆದುಹೋದರೆ ಮತ್ತೆ ಇಡುತ್ತಾಳೆ. ಸುಣ್ಣಕ್ಕೆ ಬೆರಳೆಲ್ಲ ಒಡೆದಿವೆ. ಎಣ್ಣೆ ಹಚ್ಚುತ್ತ, ಮಾವ ಸೇಲಂನಲ್ಲಿದ್ದಾನೆ ಕಣೇ ಎಂದು ಹೇಳಿದರೆ ನಂಬುವುದಿಲ್ಲ. "ಸೇಲಂನಾಗೆ ಇದ್ದಿದ್ರೆ ಬಂದೇ ಬರ್ತಿದ್ದ. ಎಲ್ಲೋ ತಿರುಗ್ತಾವ್ನೆ, ನನ್ನಿಂದ" ಅನ್ನುತ್ತಾಳೆ.

ನೀನು ದಾರಿ ತಪ್ಪಿಲ್ಲವೆಂದು ನನಗೆ ಗೊತ್ತು. "ಅಕ್ಕನ ಮನೆ ಕೂಳಿಗೆ ಬಿದ್ದಿರೋನು" ಎಂದು ನಿನ್ನ ಭಾವ ಅಂದದ್ದೂ, ಈ ಹೊಸ್ತಿಲು ಇನ್ನು ತುಳಿಯುವುದಿಲ್ಲ ಎಂದು ನೀನು ಒಲೆಯ ಮುಂದೆ ನಿಂತು ನನಗೊಬ್ಬಳಿಗೇ ಹೇಳಿದ್ದೂ ಗೊತ್ತು. ಮಗುವಿಗೆ ಗೊತ್ತಿಲ್ಲ. ಹೇಳಿಬಿಟ್ಟರೆ ತನ್ನ ತಪ್ಪಲ್ಲವೆಂದು ಅವಳ ಮನಸ್ಸು ಹಗುರಾದೀತು, ಆದರೆ ಆಮೇಲೆ ಅಪ್ಪನ ಮುಖ ಹೇಗೆ ನೋಡುತ್ತಾಳೆ? ಇವರೂ ಆ ಕಲ್ಲುಗಳನ್ನು ನೋಡಿದ್ದಾರೆ. ಕಳೆದ ಸಂತೆಯ ದಿನ ಸುಣ್ಣದ ಪೊಟ್ಟಣವೊಂದನ್ನು ತಂದು ಅವಳ ಪಕ್ಕದಲ್ಲಿಟ್ಟು ಎದ್ದುಹೋದರು. ತಪ್ಪಾಯಿತು ಅನ್ನುವ ಬಾಯಿ ದೇವರು ಅವರಿಗೆ ಕೊಟ್ಟಿಲ್ಲ. ಆ ಪೊಟ್ಟಣವನ್ನೇ ಮಾತು ಅಂದುಕೋ ತಮ್ಮಾ. ಮೊರಪ್ಪೂರಿನಲ್ಲಿ ಇಳಿದು ಚಿಕ್ಕ ರೈಲು ಹತ್ತಿ ಒಂದು ಸಲ ಬಂದು ಹೋಗು. ಹೊಸ್ತಿಲು ತುಳಿಯದಿದ್ದರೆ ಬೇಡ, ಬೀದಿಯಲ್ಲೇ ನಿಲ್ಲು. ಅವಳು ನಿನ್ನನ್ನು ಕಣ್ಣಾರೆ ನೋಡಲಿ.

ಅತ್ತೆ ನಿನ್ನನ್ನು ಕೇಳಿದ್ದಾರೆ. ಎಲ್ಲಿದ್ದರೂ ನೀನು ತಣ್ಣಗಿರು, ನಿನ್ನ ಕೆಮ್ಮು ನನಗೆ ಬರಲಿ.

ನಿನ್ನ ಅಕ್ಕ,
ಮುನಿಶಾಮಮ್ಮ

ತಾ.ಕ.: ಕಾಗದ ಕೊಡು, ರೈಲು ಹೊರಟುಬಿಡುತ್ತೆ ಎಂದು ಮುತ್ತುಸ್ವಾಮಿ ಬಾಗಿಲಲ್ಲಿ ನಿಂತಿದ್ದಾನೆ. ಕರಿಯಪ್ಪಾ, ನಾನು ಹೇಳಿಕೊಂಡು ಬರೆದದ್ದನ್ನೆಲ್ಲ ಪಾಪಾತಿ ಕದದ ಹಿಂದೆ ಕೂತು ಕೇಳಿಸಿಕೊಂಡಿದ್ದಾಳೆ. ಹಗುರಾದೀತು ಎಂದು ಬರೆದೆನಲ್ಲ, ಆಗಲಿಲ್ಲ. ಅಪ್ಪನ ವಿಷಯ ಎತ್ತಲೇ ಇಲ್ಲ. "ಮಾವಂಗೆ ದಾರಿ ಗೊತ್ತೈತಾ ಅವ್ವಾ? ಗೊತ್ತಿದ್ದೂ ಬರ್ನಿಲ್ವಾ?" ಅಂತ ಅಷ್ಟೇ ಕೇಳಿದಳು. ಈಗ ತಂಬಿಗೆ ನೀರು, ತೆಂಗಿನ ನಾರು ಹಿಡಿದುಕೊಂಡು ಹೋಗಿ, ನಮ್ಮ ಬಾಗಿಲಿನ ಕಲ್ಲಿನಿಂದ ಶುರುಮಾಡಿ ಬೊಟ್ಟುಗಳನ್ನೆಲ್ಲ ಉಜ್ಜಿ ಉಜ್ಜಿ ತೆಗೆಯುತ್ತಿದ್ದಾಳೆ. ಕೂಗಿದರೂ ತಿರುಗಿ ನೋಡುತ್ತಿಲ್ಲ. ಸ್ಟೇಷನ್ ಕಡೆಯ ಕಲ್ಲುಗಳು ಇನ್ನೂ ಬೆಳ್ಳಗಿವೆ. ಬೇಗ ಬಾರೋ.