ಚೌಕಟ್ಟಿನ ಅಂಚು

ಗೋಪನಕೊಪ್ಪ, ೪ ಆಗಸ್ಟ್ ೨೦೨೪

ಪ್ರಸಾದ ಅವರಿಗೆ,

ನಿಮ್ಮ ತಾಯಿ ಈರವ್ವನವರು ನನಗೆ ಕೊಟ್ಟ ಪೆನ್ಸಿಲ್ ಚಿತ್ರ ಬಿಡಿಸಿದವರು ಅವರ ಸೋದರಮಾವ, ದುರ್ಗದಬೈಲಿನ ಅರಿವೆ ವ್ಯಾಪಾರಿ ಗುರುಸಿದ್ದಪ್ಪ. ಇದು ಖಚಿತ. ಹೆತ್ತವ್ವನ ಮುಖ ನೆನಪಿಲ್ಲದ ಈರವ್ವನವರಿಗೆ ಇದೊಂದೇ ಗುರುತು. "ನಮ್ಮವ್ವ ಪೂಜಿಗೆ ಕುಂತಾಳ್ರಿ. ಯಾವಾಗ ತಗದಿದ್ದು, ಅಷ್ಟ ಹೇಳ್ರಿ" ಎಂದಿದ್ದರು.

ಚೌಕಟ್ಟು ಬಿಚ್ಚಿದಾಗ ಮುಚ್ಚಿದ್ದ ಅಂಚು ಕಂಡಿತು. ನಿಮ್ಮ ಅಜ್ಜಿಯ ಮೈ ವಾಲದಂತೆ ಅರಿವೆಯಿಂದ ಗೋಡೆಯ ಗೂಟಕ್ಕೆ ಕಟ್ಟಿದ್ದಾರೆ. ಕೆಳಗೆ ತಾರೀಖು ೧೨-೩-೧೯೫೧. ಮುಗದದಲ್ಲಿ ಅಜ್ಜಿಯ ಸಮಾಧಿಯ ಕಲ್ಲಿನ ಮೇಲೆ ತೀರಿಕೊಂಡ ದಿನವೆಂದು ಕೆತ್ತಿರುವುದೂ ಅದೇ. ಮಣ್ಣು ಮಾಡುವ ಮೊದಲು ಶವವನ್ನು ಕೂಡಿಸಿದ್ದಾಗ ಬಿಡಿಸಿದ ಚಿತ್ರವಿದು.

ಹಳೆಯ ಚೌಕಟ್ಟನ್ನೇ ಮತ್ತೆ ಹಾಕಿಸಿದ್ದೇನೆ. ದಯವಿಟ್ಟು ಬಿಚ್ಚಿಸಬೇಡಿ.

ನಲವತ್ತು ವರ್ಷ ಪತ್ರಿಕೆಯಲ್ಲಿ ಕರಡು ತಿದ್ದಿದವನು ನಾನು. ತಪ್ಪು ತಾರೀಖನ್ನು ಎಂದೂ ಬಿಟ್ಟವನಲ್ಲ. ಬರುವ ರವಿವಾರ ತಾಯಿ ಬಂದು ಕೇಳಿದರೆ, ತಾರೀಖು ಸಿಗಲಿಲ್ಲವೆಂದು ಹೇಳಲು ನಿಮ್ಮ ಒಪ್ಪಿಗೆ ಬೇಕು.

ಉತ್ತರಕ್ಕೆ ಕಾದಿರುವ,
ಬಿಂದುಮಾಧವ