ಹೊಟ್ಟಿನ ಎಂಜಿನ್ನಿಗೆ ಬೀಗಮುದ್ರೆ ಜಡಿದವರಿಗೆ

ಜಿಲ್ಲಾ ವಿದ್ಯುತ್ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ನೀವು ತಪ್ಪು ಮನುಷ್ಯನ ಮೇಲೆ ಮೊಕದ್ದಮೆ ಹೂಡಿದ್ದೀರಿ. ನಮ್ಮ ಕನ್ಯಿನ್ ಹಳ್ಳಿಯ ಅಕ್ಕಿ ಗಿರಣಿಯ ಶೆಡ್ಡಿಗೆ ನೀವು ಹಾಕಿದ್ದ ಬೀಗಮುದ್ರೆಯನ್ನು ಗಿರಣಿಯ ಮೆಕ್ಯಾನಿಕ್ ಊ ಬ ಛಿಟ್ ಒಡೆದರೆಂದು ದೂರು ಕೊಟ್ಟಿದ್ದೀರಿ. ಅದು ಸುಳ್ಳೆಂದು ತಿಳಿಸಿ ಮೂರು ಅರ್ಜಿ ಬರೆದೆ. ಮೂರಕ್ಕೂ ‘ಪರಿಶೀಲನೆಯಲ್ಲಿದೆ’ ಎಂಬ ಒಂದೇ ಉತ್ತರ ಬಂತು. ಹಾಗಾಗಿ ನಾಲ್ಕನೆಯದನ್ನು ಎಲ್ಲರೂ ಓದಲೆಂದು ಪತ್ರಿಕೆಗೆ ಕೊಡುತ್ತಿದ್ದೇನೆ.

ಆ ಶೆಡ್ಡಿನೊಳಗೆ ಇದ್ದದ್ದೇನು ಎಂಬುದು ನಿಮಗೆ ಈಗಲಾದರೂ ಗೊತ್ತೇ? ನಿಮ್ಮ ಆದೇಶದಲ್ಲಿ ‘ಪರಿಸರಕ್ಕೆ ಹಾನಿಕರವಾದ ಅನಧಿಕೃತ ವಿದ್ಯುದುತ್ಪಾದನಾ ಸ್ಥಾವರ’ ಎಂದಿದೆ. ಅಷ್ಟು ದೊಡ್ಡ ಹೆಸರು ಕೇಳಿ ಎಪ್ಪತ್ತರ ಊ ಬ ಛಿಟ್ ಅವರಿಗೇ ನಾಚಿಕೆಯಾಯಿತು. ಅವರು ಮಾಡಿದ್ದಿಷ್ಟೆ: ಕಬ್ಬಿಣದ ಪೀಪಾಯಿಯಲ್ಲಿ ಭತ್ತದ ಹೊಟ್ಟನ್ನು ಕಡಿಮೆ ಗಾಳಿಯಲ್ಲಿ ಉರಿಸಿ, ಹೊರಬಂದ ಅನಿಲವನ್ನು ಸೋಸಿ, ಹಳೆಯ ಲಾರಿಯೊಂದರ ಎಂಜಿನ್ನಿಗೆ ಊಡಿಸಿದರು. ಆ ಎಂಜಿನ್ನು ಗಿರಣಿಯನ್ನೂ ತಿರುಗಿಸಿತು, ಡೈನಮೋವನ್ನೂ ತಿರುಗಿಸಿತು. ಮನೆಗಳಿಗೆ ದೀಪ ಬಂತು. ನಾನು ದಾದಿಯಾಗಿರುವ ಆರೋಗ್ಯ ಕೇಂದ್ರಕ್ಕೆ ಒಂದು ಫ್ರಿಜ್ಜು ಬಂತು.

ಅದಕ್ಕೆ ಮೊದಲು ನಲವತ್ತು ವರ್ಷ ಆ ಹೊಟ್ಟನ್ನೆಲ್ಲ ಹಳ್ಳಕ್ಕೆ ಸುರಿಯುತ್ತಿದ್ದೆವು. ದೋಣಿಯ ಹುಟ್ಟು ಸಿಕ್ಕಿಕೊಳ್ಳುವಷ್ಟು ದಪ್ಪಗೆ ತೇಲುತ್ತಿತ್ತು. ಆಗ ಯಾವ ಕಚೇರಿಯೂ ಈ ಕಡೆ ತಲೆ ಹಾಕಲಿಲ್ಲ. ಹೊಟ್ಟಿನಿಂದ ಬಲ್ಬು ಉರಿದ ಮೇಲೆಯೇ ನಿಮಗೆ ಪರಿಸರದ ನೆನಪಾಯಿತೇ?

ತಪ್ಪು ನಮ್ಮಲ್ಲೂ ಇತ್ತು, ಮುಚ್ಚಿಡುವುದಿಲ್ಲ. ಅನಿಲ ಸೋಸಿದ ಕಪ್ಪು ನೀರು ಮೊದಲ ವರ್ಷ ಹಳ್ಳ ಸೇರಿ ಮೀನು ಸತ್ತವು. ಊರಿನ ಹೆಂಗಸರೇ ಹೋಗಿ ಊ ಬ ಛಿಟ್ ಜೊತೆ ಜಗಳ ತೆಗೆದರು. ಆಗ ಊ ಬ ಛಿಟ್ ಮೂರು ಗುಂಡಿ ತೋಡಿ, ಇದ್ದಿಲು ಮತ್ತು ಮರಳು ತುಂಬಿ, ಅದೇ ನೀರನ್ನು ಮತ್ತೆ ಮತ್ತೆ ಬಳಸುವ ಹಾಗೆ ಮಾಡಿದರು. ನೀವು ಬಂದ ದಿನ ಅವನ್ನು ನೋಡಿರೆಂದು ಗೋಗರೆದರು.

“ಹತ್ತೇ ಹೆಜ್ಜೆ ಸಾಹೇಬ್ರೇ, ಒಂದ್ಸಲ ಬಂದು ನೋಡಿ.”

“ಹಳ್ಳ ಕೆಡ್ತಿದೆ ಅಂತ ದೂರು ಬಂದಿದೆ, ನೋಡೋದೇನಿದೆ? ಸರ್ಕಾರಿ ಕರೆಂಟೇ ಬರ್ತಿರುವಾಗ ಈ ಡಬ್ಬ ಯಾಕ್ರೀ?” ಎಂದಿರಿ ನೀವು.

“ಅದು ಬರೋವರೆಗಾದ್ರೂ ಇರಲಿ. ಫ್ರಿಜ್ಜಲ್ಲಿ ಹಾವಿನ ಔಷಧ ಇದೆ,” ಎಂದು ನಾನು ಅಡ್ಡ ಬಂದೆ.

“ಅದು ಆರೋಗ್ಯ ಇಲಾಖೆಗೆ ಸೇರಿದ್ದಮ್ಮ,” ಎಂದು ಹೇಳಿ, ಶೆಡ್ಡಿಗೆ ಬೀಗಮುದ್ರೆ ಹಾಕಿಸಿ, ನಮ್ಮೂರಿನ ಸಿಗಡಿ ಸಾರು ಉಂಡು, ದೋಣಿ ಹತ್ತಿದಿರಿ. ನಿಮ್ಮ ಕಂಬಗಳು ಬಂದಿವೆ. ತಂತಿ ಇವತ್ತಿಗೂ ಬಂದಿಲ್ಲ.

ಐರಾವತಿ ನದಿಯ ಈ ಬಯಲಲ್ಲಿ ಕೊಯ್ಲು ಶುರುವಾಯಿತೆಂದರೆ ಕೊಳಕುಮಂಡಲ ಹಾವುಗಳೂ ಗದ್ದೆಯಲ್ಲೇ ಇರುತ್ತವೆ. ತಂಪು ತಪ್ಪಿದರೆ ಔಷಧ ಕೆಡುತ್ತದೆ. ಎಂಜಿನ್ನಿನ ಜೊತೆ ಫ್ರಿಜ್ಜೂ ನಿಂತದ್ದರಿಂದ, ನಿಯಮದ ಪ್ರಕಾರ ನಮ್ಮಲ್ಲಿದ್ದ ಎಂಟೂ ಬಾಟಲಿಗಳನ್ನು ಐಸಿನ ಪೆಟ್ಟಿಗೆಯಲ್ಲಿಟ್ಟು ಪಟ್ಟಣದ ಆಸ್ಪತ್ರೆಗೆ ಕಳಿಸಿದೆ. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ನಿಯಮ ಪಾಲಿಸಿದ್ದಕ್ಕೆ ಪಶ್ಚಾತ್ತಾಪಪಟ್ಟದ್ದು ಅದೊಂದೇ ಸಲ.

ನೀವು ಮುದ್ರೆ ಹಾಕಿದ ಹನ್ನೊಂದನೆಯ ದಿನ ಬೆಳಿಗ್ಗೆ ಮ ನ್ವೆಯನ್ನು ಇಬ್ಬರು ಹೊತ್ತು ತಂದರು. ಕೊಯ್ಲಿಗೆ ಹೋಗುವ ಹೆಣ್ಣುಮಗಳು, ಇಪ್ಪತ್ತಾರು ವರ್ಷ, ಮನೆಯಲ್ಲಿ ಏಳು ತಿಂಗಳ ಕೂಸು. ಭತ್ತದ ಸಿವುಡು ಎತ್ತುವಾಗ ಹಾವು ಪಾದಕ್ಕೆ ಕಚ್ಚಿತ್ತು. ಗಾಜಿನ ನಳಿಕೆಗೆ ರಕ್ತ ತೆಗೆದು ಇಪ್ಪತ್ತು ನಿಮಿಷ ಕಾದೆ. ಹೆಪ್ಪುಗಟ್ಟಲಿಲ್ಲ, ನೀರಿನ ಹಾಗೆ ಅಲುಗಾಡಿತು. ವಿಷ ರಕ್ತಕ್ಕೆ ಏರಿತ್ತು.

“ಸಯಾಮ, ಬೇಗ ಸೂಜಿ ಚುಚ್ಚಿ,” ಎಂದಳು. ದಾದಿಯಾದ ನನ್ನನ್ನು ಊರವರೆಲ್ಲ ಗೌರವದಿಂದ ಕರೆಯುವುದು ಹಾಗೆಯೇ.

“ಔಷಧ ಇಲ್ಲ ಕಣಮ್ಮ. ಪಟ್ಟಣಕ್ಕೆ ಕಳಿಸಿಬಿಟ್ಟೆ.”

“ಹೋದ ವರ್ಷ ಇತ್ತಲ್ಲ?”

ನಾನೇನು ಹೇಳಬೇಕಿತ್ತು ಮಾನ್ಯರೇ? ಕಡತ ಪರಿಶೀಲನೆಯಲ್ಲಿದೆ ಎನ್ನಬೇಕಿತ್ತೇ?

ಎದುರು ನೀರಿನಲ್ಲಿ ದೋಣಿ ಪಟ್ಟಣ ಮುಟ್ಟಲು ನಾಲ್ಕೂವರೆ ಗಂಟೆ ಹಿಡಿಯಿತು. ಅರ್ಧ ದಾರಿಯಲ್ಲೇ ಅವಳ ಒಸಡಿನಿಂದ ರಕ್ತ ಒಸರತೊಡಗಿತು. ನನ್ನ ರವಿಕೆಯ ತೋಳಿನಿಂದಲೇ ಒರೆಸುತ್ತ ಕುಳಿತೆ. ಮೂತ್ರಪಿಂಡ ಕೆಲಸ ನಿಲ್ಲಿಸಿ ಐದು ವಾರ ಡಯಾಲಿಸಿಸ್ ಆಯಿತು. ಬದುಕಿದಳು. ಊರಿಗೆ ಬಂದಾಗ ಎದೆಹಾಲು ಪೂರಾ ಬತ್ತಿತ್ತು. ಈ ವಿಷ ಮಿದುಳಿನ ಬುಡದ ಗ್ರಂಥಿಯನ್ನೂ ಸುಡುತ್ತದೆ, ಇನ್ನು ಹಾಲು ಬರುವುದಿಲ್ಲ ಎಂದು ವೈದ್ಯರು ಹೇಳಿ ಕಳಿಸಿದ್ದರು. ಕೂಸು ಎದೆಗೆ ಬಾಯಿಟ್ಟು, ಏನೂ ಸಿಗದೆ, ತಲೆಯೆತ್ತಿ ಅವಳ ಮುಖ ನೋಡಿತು. ಮ ನ್ವೆ ಅಳಲಿಲ್ಲ. “ಗಂಜಿ ಇದ್ರೆ ಕೊಡಿ, ಕುಡಿಸ್ತೀನಿ,” ಎಂದಳು.

ಆ ಮಧ್ಯಾಹ್ನವೇ ಆರೋಗ್ಯ ಕೇಂದ್ರದ ಕತ್ತರಿ ತೆಗೆದುಕೊಂಡು ಶೆಡ್ಡಿಗೆ ಹೋದೆ.

“ಬೇಡ ಸಯಾಮ, ಜೈಲಿಗೆ ಹಾಕ್ತಾರೆ,” ಎಂದು ಊ ಬ ಛಿಟ್ ಅಡ್ಡ ನಿಂತರು.

“ಹಾಕಲಿ ಬಿಡಿ, ಅಲ್ಲಾದ್ರೂ ಕರೆಂಟಿರುತ್ತೆ. ನೀವು ಆ ಕಡೆ ತಿರುಗಿ ನಿಂತ್ಕೊಳ್ಳಿ ಚಿಕ್ಕಪ್ಪ. ನಾಳೆ ಏನೂ ನೋಡಿಲ್ಲ ಅಂತ ಆಣೆ ಮಾಡ್ಬೇಕಲ್ಲ.”

ಅವರು ನಿಜಕ್ಕೂ ಗೋಡೆಗೆ ಮುಖ ಮಾಡಿ ನಿಂತರು. ನಿಮ್ಮ ಅರಗಿನ ಮುದ್ರೆಯ ಬಟ್ಟೆಯನ್ನು ಕತ್ತರಿಸಿದವಳು ನಾನು. ಕಲ್ಲಿನಿಂದ ಬೀಗ ಒಡೆದವಳೂ ನಾನೇ. ಎಂಜಿನ್ನು ಶುರುವಾದ ಮೂರನೆಯ ದಿನ ಪಟ್ಟಣದ ವೈದ್ಯರು ಆರು ಬಾಟಲಿ ಮರಳಿಸಿದರು. ಕಳೆದ ವಾರ ಬಾತುಕೋಳಿ ಸಾಕುವ ಮುದುಕರೊಬ್ಬರಿಗೆ ಹಾವು ಕಚ್ಚಿತು. ಮುಕ್ಕಾಲು ಗಂಟೆಯೊಳಗೆ ಔಷಧ ಕೊಟ್ಟು ದೋಣಿ ಹತ್ತಿಸಿದೆ. ಆರನೆಯ ದಿನ ಅವರು ತಾವೇ ನಡೆದು ಬಂದು, “ಆಸ್ಪತ್ರೆ ಸಾರಿಗೆ ಉಪ್ಪೂ ಇಲ್ಲ, ಹುಳಿನೂ ಇಲ್ಲ,” ಎಂದು ನನ್ನನ್ನೇ ಬೈದರು. ಅಷ್ಟು ಸಂತೋಷದಿಂದ ನಾನು ಎಂದೂ ಬೈಸಿಕೊಂಡಿರಲಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇದು. ಊ ಬ ಛಿಟ್ ಮೇಲಿನ ಮೊಕದ್ದಮೆ ಹಿಂತೆಗೆದುಕೊಂಡು ಆರೋಪಿಯ ಜಾಗದಲ್ಲಿ ನನ್ನ ಹೆಸರು ಬರೆಯಿರಿ. ಆಮೇಲೆ ನೀವೇ ಬಂದು ಆ ಮೂರು ಗುಂಡಿಗಳನ್ನು ನೋಡಿ. ಕೊರತೆಯಿದ್ದರೆ ಹೇಳಿ, ಸರಿಪಡಿಸುತ್ತೇವೆ. ಇಲ್ಲದಿದ್ದರೆ ಪರವಾನಗಿ ಕೊಡಿ. ಎರಡೂ ಆಗದು, ಮುದ್ರೆಯನ್ನೇ ಹಾಕುತ್ತೇನೆ ಎನ್ನುವುದಾದರೆ, ಮೊದಲು ಮ ನ್ವೆಯ ಮನೆಗೆ ಹೋಗಿ ಅವಳಿಗೆ ಕಾರಣ ಹೇಳಿ.

ಬರುವ ದಾರಿ ಗದ್ದೆಯ ಬದುವಿನ ಮೇಲಿದೆ. ಮೊಣಕಾಲುದ್ದದ ಬೂಟು ಹಾಕಿಕೊಂಡು ಬನ್ನಿ. ಮರೆತರೂ ಹೆದರಬೇಡಿ, ಸದ್ಯಕ್ಕೆ ನಮ್ಮಲ್ಲಿ ಔಷಧ ಇದೆ.

ಇಂತಿ,
ನಿಮ್ಮ ಕಡತದಲ್ಲಿ ಇನ್ನೂ ಆರೋಪಿಯಾಗಲು ಕಾಯುತ್ತಿರುವ
ಡೋ ಓನ್ ಯೀ
ದಾದಿ, ಕನ್ಯಿನ್ ಹಳ್ಳಿ