ಮೂರನೇ ಆಲ್ಬಮ್ಮಿನ ಕೊನೆಯ ಎರಡು ಹಾಡು

ಸಿಂಧನೂರು, ೧೪ ನವೆಂಬರ್ ೨೦೨೪, ಗುರುವಾರ

ಆ ಎರಡು ಹಾಡು ಮೂರನೇ ಆಲ್ಬಮ್ಮಿನಲ್ಲಿ ಇಲ್ಲವೇ ಇಲ್ಲ. ಅವು ಐದನೆಯದರವು ಎಂದು ಮಗಳು ಜ್ಯೋತಿ ಇವತ್ತು ಮೊಬೈಲಿನಲ್ಲಿ ತೋರಿಸಿದಳು. ನಾವು ಕಾಲೇಜಿನಲ್ಲಿದ್ದಾಗ ಕ್ಯಾಸೆಟ್ ಅಂಗಡಿಯವನು ಹಾಡು ತುಂಬಿಸಿ, ಕೊನೆಗೆ ಟೇಪು ಉಳಿದರೆ ಬೇರೆಯವನ್ನು ತುರುಕುತ್ತಿದ್ದ. ಆ ತುರುಕಿದ್ದನ್ನೇ ಮೂರನೆಯದರ ಜೀವ ಎಂದು ನಾನು ಇಷ್ಟು ವರ್ಷ ಪೂಜಿಸಿದೆ. ನಾವಿಬ್ಬರೂ ಮೆಚ್ಚಿದ ಆ ರಾಕ್ ಬ್ಯಾಂಡಿನ ಐದನೇ ಆಲ್ಬಮ್ಮೇ ಶ್ರೇಷ್ಠ ಎಂದ ಗೆಳೆಯ ಹುಲಿಗೇಶನಿಗೆ, "ನಿನಗಿಂತ ಗೊರೇಬಾಳದ ಎಮ್ಮಿ ಕಿವಿ ಚಲೋ ಅದಾವ" ಎಂದು ಅವನ ಹೆಂಡತಿಯ ಎದುರಿಗೇ ಅಂದಿದ್ದೆ. ಅಲ್ಲಿಂದ ಎಂಟು ವರ್ಷ ಮಾತಿಲ್ಲ.

ಸಂಜೆ ಅವನಿಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡೆ.

"ಗೊತ್ತೈತಲೇ. ಉಳಿದ ಜಾಗಕ್ಕ ಆ ಎರಡು ಹಾಕು ಅಂತ ಅಂಗಡ್ಯಾವಗ ಹೇಳಿದಾಂವ ನಾನ."

"ಮತ್ತ ಅವತ್ತ ಯಾಕ ಹೇಳಲಿಲ್ಲ?"

"ಎಮ್ಮಿ ಮಾತಾಡ್ತಾವೇನು?"

ನಾನು ನಕ್ಕೆ. ಅವನು ನಗಲಿಲ್ಲ.

"ಹೋಗ್ಲಿ, ಈಗರ ಹೇಳು. ಯಾವುದು ಚಲೋ?"

ಐದನೆಯದು ಎಂದಿದ್ದರೆ ನಾಳೆ ಬೆಳಿಗ್ಗೆ ಅವನ ಬೈಕು ನಮ್ಮ ಬಾಗಿಲಲ್ಲಿರುತ್ತಿತ್ತು.

"ಆ ಎರಡು ಬಿಟ್ಟರೂ ಮೂರನೇದ" ಅಂದೆ.

ಫೋನಿಟ್ಟ.

ಆ ಎರಡಿಲ್ಲದ ಮೂರನೆಯದನ್ನು ಈಗ ಹಾಕಿಕೊಂಡು ಕೂತಿದ್ದೇನೆ. ಸಪ್ಪಗಿದೆ. ಇದನ್ನು ಹೇಳಬೇಕಾದದ್ದು ಒಬ್ಬನಿಗೇ, ಅವನು ಫೋನಿಟ್ಟಾಗಿದೆ.